ಮಂಗನ ಕಾಯಿಲೆಯ ಬೆನ್ನು ಹತ್ತಿ: ಲೈಬ್ರರಿಯವರ ಕಣ್ಣಲ್ಲಿ ಪಬ್‌ಮೆಡ್

ಹೋದ ಚಳಿಗಾಲದಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳು ನಮ್ಮ ಲೈಬ್ರರಿಯ ಕೌಂಟರಿಗೆ ಬಂದು ನಿಂತಳು. ಸಾಗರದ ಕಡೆಯವಳು. "ಮೇಡಂ, ಕೆಎಫ್‌ಡಿ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಪಬ್‌ಮೆಡ್‌ನಲ್ಲಿ ಹುಡುಕಿದ್ರೆ ಏನೇನೋ ಬರ್ತಿದೆ" ಅಂದಳು. ಪಬ್‌ಮೆಡ್ ಅಂದರೆ ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು ನೋಡಿದೆ. ಬಾಕ್ಸಿನಲ್ಲಿ ಕೆಎಫ್‌ಡಿ ಅಂತ ಮೂರೇ ಅಕ್ಷರ ಹೊಡೆದಿದ್ದಳು. ಬಂದ ಲೇಖನಗಳಲ್ಲಿ ಕೆಲವು ನಮ್ಮ ಮಲೆನಾಡಿನವು. ಇನ್ನು ಕೆಲವು ಕುತ್ತಿಗೆಯ ಗಂಟು ಊದಿಕೊಳ್ಳುವ ಯಾವುದೋ ಕಾಯಿಲೆಯವು.

"ನಮ್ಮ ಮಂಗನ ಕಾಯಿಲೆಗೂ ಇದಕ್ಕೂ ಏನು ಸಂಬಂಧ ಮೇಡಂ?"

ಸಂಬಂಧವೇ ಇಲ್ಲ. ಆ ಎರಡನೆಯದು ಕಿಕುಚಿ-ಫುಜಿಮೊಟೊ ಡಿಸೀಸ್. 1972ರಲ್ಲಿ ಜಪಾನಿನ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ವರದಿ ಮಾಡಿದ್ದು. ಅದನ್ನೂ ಚುಟುಕಾಗಿ ಕೆಎಫ್‌ಡಿ ಅಂತಲೇ ಕರೆಯುತ್ತಾರೆ. ನಮ್ಮದು ಕ್ಯಾಸನೂರು ಫಾರೆಸ್ಟ್ ಡಿಸೀಸ್. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಹೊತ್ತ ಕಾಯಿಲೆ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಪತ್ತೆ ಹಚ್ಚಿದರು.

ಆ ಮಧ್ಯಾಹ್ನ ಅವಳ ಜೊತೆ ಎರಡು ಗಂಟೆ ಕೂತೆ. ಅವಳು ಹೋದ ಮೇಲೆ ಪಬ್‌ಮೆಡ್ ಬಗ್ಗೆ ಕನ್ನಡದಲ್ಲಿ ಒಂದು ವಿಮರ್ಶೆ ಬರೆಯಲೇಬೇಕು ಅನ್ನಿಸಿತು. ಹೋಟೆಲಿಗೆ, ಮಿಕ್ಸಿಗೆ ವಿಮರ್ಶೆ ಬರೆಯುತ್ತೇವೆ. ದಿನಾ ಬಳಸುವ ಇಂಥ ದೊಡ್ಡ ಸೇವೆಗೆ ಯಾಕೆ ಬರೆಯಬಾರದು, ಅಲ್ವಾ? ಮುಖ್ಯವಾಗಿ ಲೈಬ್ರರಿ ಸೈನ್ಸ್ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಸ್ವಲ್ಪ. ಬಿಎಸ್‌ಸಿ ಮುಗಿಸಿ ಎಂಲಿಬ್ (ಲೈಬ್ರರಿ ಸೈನ್ಸ್‌ನ ಸ್ನಾತಕೋತ್ತರ ಪದವಿ) ಮಾಡಿದವಳು ನಾನು. ವರ್ಗೀಕರಣ, ಸೂಚೀಕರಣ ಎಲ್ಲ ಚೆನ್ನಾಗಿಯೇ ಕಲಿತೆ. ನಮ್ಮ ಲೈಬ್ರರಿ ಸೈನ್ಸ್‌ನ ಪಿತಾಮಹ ರಂಗನಾಥನ್ ಅವರ ಐದು ಸೂತ್ರ ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ 'ವಿಜ್ಞಾನದ ಮಾಹಿತಿ ಮೂಲಗಳು' ಅನ್ನುವ ಪತ್ರಿಕೆ ಇತ್ತಲ್ಲ, ಅದನ್ನು ಇಡೀ ವರ್ಷ ನೋಟ್ಸ್ ಬರೆಸಿಯೇ ಮುಗಿಸಿದರು. ಪ್ರಾಥಮಿಕ ಮೂಲ, ದ್ವಿತೀಯ ಮೂಲ, ತೃತೀಯ ಮೂಲ. ದ್ವಿತೀಯ ಮೂಲಕ್ಕೆ ಉದಾಹರಣೆ ಇಂಡೆಕ್ಸ್ ಮೆಡಿಕಸ್, ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್, ಅಂದರೆ ಯಾವ ಲೇಖನ ಎಲ್ಲಿದೆ ಅಂತ ತೋರಿಸುವ ಸೂಚಿಗಳು. ಪರೀಕ್ಷೆಯಲ್ಲಿ ಇಂಡೆಕ್ಸ್ ಮೆಡಿಕಸ್ ಮೇಲೆ ಟಿಪ್ಪಣಿ ಬಂತು, ಬರೆದೆ, ಅಂಕವೂ ಬಂತು. ಅದನ್ನು ಒಂದು ಸಲವೂ ಕಣ್ಣಿಂದ ನೋಡಿರಲಿಲ್ಲ. ಕಂಪ್ಯೂಟರ್ ಲ್ಯಾಬಿನ ಬಾಗಿಲು ವರ್ಷದಲ್ಲಿ ನಾಲ್ಕೈದು ಸಲ ತೆರೆದಿರಬೇಕು ಅಷ್ಟೆ. ಈಗ ನೆನೆಸಿಕೊಂಡರೂ ಬೇಜಾರಾಗುತ್ತದೆ. ಕಲಿಸುವವರಿಗೆ ಮನಸ್ಸಿತ್ತು. ಎದುರಿಗೆ ಇಟ್ಟು ತೋರಿಸಲು ಏನೂ ಇರಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ನಮ್ಮ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಇಂಡೆಕ್ಸ್ ಮೆಡಿಕಸ್‌ನ ಹಳೆಯ ಸಂಪುಟಗಳು ಸಿಕ್ಕವು. ಅಟೆಂಡರ್ ಅಣ್ಣ "ಇವನ್ನು ತೂಕಕ್ಕೆ ಹಾಕೋಣ್ವಾ ಮೇಡಂ" ಅಂದರು. ಬೇಡ ಅಂದೆ. ಧೂಳು ಒರೆಸಿ ಒಂದನ್ನು ಬಿಡಿಸಿದೆ. ತೆಳ್ಳನೆ ಹಾಳೆ, ಇರುವೆ ಸಾಲಿನಂಥ ಅಕ್ಷರ. ಅಕ್ಷರಮಾಲೆಯ ಕ್ರಮದಲ್ಲಿ ವಿಷಯದ ಹೆಸರು, ಅದರ ಕೆಳಗೆ ಲೇಖನಗಳು. ಬೆರಳಿಟ್ಟು ಹುಡುಕುತ್ತಾ ಹೋದೆ. ಕ್ಯಾಸನೂರು ಸಿಕ್ಕಿತು! ನಮ್ಮ ಪಕ್ಕದ ತಾಲ್ಲೂಕಿನ ಊರಿನ ಹೆಸರು ಅಮೆರಿಕದಲ್ಲಿ ಅಚ್ಚಾದ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಕೂತಿತ್ತು. ನೋಟ್ಸ್‌ನಲ್ಲಿ ಬರೆದುಕೊಂಡಿದ್ದ ದ್ವಿತೀಯ ಮೂಲ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಆವತ್ತು.

ಪಬ್‌ಮೆಡ್ ಅದೇ ಮನೆತನದ್ದು. 1879ರಲ್ಲಿ ಜಾನ್ ಶಾ ಬಿಲಿಂಗ್ಸ್ ಅನ್ನುವ ಸೇನಾ ವೈದ್ಯರು ಇಂಡೆಕ್ಸ್ ಮೆಡಿಕಸ್ ಶುರು ಮಾಡಿದರು. 1964ರಲ್ಲಿ ಆ ಕೆಲಸಕ್ಕೆ ಕಂಪ್ಯೂಟರ್ ಬಂತು. 1971ರಲ್ಲಿ ದೂರದಿಂದಲೇ ಹುಡುಕುವ ಮೆಡ್‌ಲೈನ್ ಬಂತು, ಆದರೆ ಅದು ತರಬೇತಿ ಪಡೆದವರ ಕೈಯಲ್ಲಿತ್ತು, ದುಡ್ಡೂ ಕೊಡಬೇಕಿತ್ತು. 1997ರ ಜೂನ್‌ನಲ್ಲಿ ಪಬ್‌ಮೆಡ್ ಹೆಸರಿನಲ್ಲಿ ಇಡೀ ಲೋಕಕ್ಕೆ ಬಿಟ್ಟಿಯಾಗಿ ತೆರೆದರು. ಅಚ್ಚಿನ ಇಂಡೆಕ್ಸ್ ಮೆಡಿಕಸ್ 2004ಕ್ಕೆ ನಿಂತಿತು. ನಡೆಸುವವರು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ (ಎನ್‌ಎಲ್‌ಎಂ). ಈಗ ಅದರಲ್ಲಿ ಮೂರೂವರೆ ಕೋಟಿಗಿಂತ ಜಾಸ್ತಿ ಲೇಖನಗಳ ವಿವರ ಇದೆ. ಲಾಗಿನ್ ಬೇಡ, ದುಡ್ಡು ಬೇಡ, ಜಾಹೀರಾತಿನ ಕಾಟ ಇಲ್ಲ. ಮೊಬೈಲ್‌ನಲ್ಲೂ ಸಲೀಸಾಗಿ ತೆರೆದುಕೊಳ್ಳುತ್ತದೆ.

ಆದರೆ ನನಗೆ ಇದು ಇಷ್ಟವಾಗಲು ಕಾರಣ ಬಿಟ್ಟಿ ಅನ್ನುವುದಲ್ಲ. ನೀವು ಕೇಳಿದ್ದನ್ನು ತಾನು ಹೇಗೆ ಅರ್ಥ ಮಾಡಿಕೊಂಡೆ ಅಂತ ಪಬ್‌ಮೆಡ್ ಬಿಚ್ಚಿ ತೋರಿಸುತ್ತದೆ. ಬೇರೆ ಎಷ್ಟೋ ಸರ್ಚ್ ಎಂಜಿನ್‌ಗಳು ಫಲಿತಾಂಶ ಮಾತ್ರ ಕೊಡುತ್ತವೆ. ಒಳಗೆ ಏನಾಯಿತು ಅಂತ ನಮಗೆ ತಿಳಿಯುವುದಿಲ್ಲ. ಇಲ್ಲಿ ಹಾಗಲ್ಲ. ಬಾಕ್ಸಿನ ಕೆಳಗಿರುವ 'ಅಡ್ವಾನ್ಸ್ಡ್' ಒತ್ತಿ. ನೀವು ಇಲ್ಲಿಯವರೆಗೆ ಮಾಡಿದ ಹುಡುಕಾಟವೆಲ್ಲ ನಂಬರ್ ಹಾಕಿ ಸಾಲಾಗಿ ಇರುತ್ತದೆ. ಪ್ರತಿ ಸಾಲಿನಲ್ಲಿ ಒಂದು ಸಣ್ಣ ಬಾಣದ ಗುರುತು. ಅದನ್ನು ಒತ್ತಿದರೆ ಪೂರ್ತಿ ಅನುವಾದ ತೆರೆದುಕೊಳ್ಳುತ್ತದೆ.

ಆ ಹುಡುಗಿಗೆ ಮೊದಲು ತೋರಿಸಿದ್ದು ಇದನ್ನೇ. 'ಹಾರ್ಟ್ ಅಟ್ಯಾಕ್' ಅಂತ ಹೊಡೆಸಿದೆ. ಬಾಣ ಒತ್ತಿದರೆ ಒಳಗೆ 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್' ಅಂತ ಇತ್ತು. "ನಾನು ಹೊಡೆದಿಲ್ವಲ್ಲ ಮೇಡಂ ಇದನ್ನ!" ಹೌದು, ನೀನು ಆಡುಮಾತಲ್ಲಿ ಕೇಳಿದೆ, ಅದು ವೈದ್ಯರ ಮಾತಿಗೆ ತಿರುಗಿಸಿಕೊಂಡಿತು. ಆಮೇಲೆ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ ಪೂರ್ತಿ ಹೊಡೆಸಿದೆ. ಈ ಸಲ ಒಳಗೆ ಮೂರು ತುಂಡು. ಒಂದು, ಅದೇ ಹೆಸರಿನ ಮೆಶ್ ಶೀರ್ಷಿಕೆ. ಎರಡು, ಮೂರೂ ಪದಗಳು ಎಲ್ಲೆಲ್ಲಿ ಇದ್ದರೂ ಸರಿ. ಮೂರು, ಮೂರೂ ಪದ ಒಟ್ಟಿಗೆ. ಜಪಾನಿನ ಕಾಯಿಲೆ ಪರದೆಯಿಂದ ಮಾಯ.

ಮೆಶ್ ಅಂದರೆ ಏನು ಅಂತ ಇಲ್ಲಿ ಹೇಳಬೇಕು. ಒಂದೇ ಕಾಯಿಲೆಗೆ ಹತ್ತು ಹೆಸರಿರುತ್ತದೆ. ಲೇಖಕರು ತಮಗೆ ತೋಚಿದ್ದು ಬರೆಯುತ್ತಾರೆ. ಹಾಗಾಗಿ ಪ್ರತಿ ವಿಷಯಕ್ಕೂ ಒಂದು ಗೊತ್ತಾದ ಹೆಸರು ಇಟ್ಟು, ಲೇಖನಕ್ಕೆ ಆ ಚೀಟಿ ಅಂಟಿಸುತ್ತಾರೆ. 1960ರಿಂದ ಬೆಳೆದು ಬಂದ ಪಟ್ಟಿ ಇದು. ಈಗ 30,000 ದಾಟಿದೆ. ಅದು ಬರೀ ಪಟ್ಟಿಯೂ ಅಲ್ಲ, ಮರ. 'ವೈರಲ್ ಹೆಮರಾಜಿಕ್ ಫೀವರ್ಸ್' ಅನ್ನುವ ಕೊಂಬೆ ತೆರೆದರೆ ಎಬೋಲಾ, ಲಾಸಾ ಜ್ವರ ಇರುವ ಸಾಲಿನಲ್ಲಿ ನಮ್ಮ ಕ್ಯಾಸನೂರೂ ಇದೆ. ಮೇಲಿನ ಕೊಂಬೆಯನ್ನು ಹುಡುಕಿದರೆ ಕೆಳಗಿನ ಎಲೆಗಳೆಲ್ಲ ತಾವಾಗಿ ಬರುತ್ತವೆ. ಶೀರ್ಷಿಕೆಗೆ ಬಾಲ ಜೋಡಿಸಬಹುದು: ಹರಡುವಿಕೆ, ತಡೆಗಟ್ಟುವಿಕೆ, ರೋಗಪತ್ತೆ. ಹುಡುಗಿಗೆ ಬೇಕಿದ್ದದ್ದು ಲಸಿಕೆ ವಿಷಯ. 'ತಡೆಗಟ್ಟುವಿಕೆ' ಬಾಲ ಹಾಕಿದ ಕೂಡಲೇ ಪಟ್ಟಿ ಒಂದೆರಡು ಪುಟಕ್ಕೆ ಇಳಿಯಿತು. ಓದಿ ಮುಗಿಸಬಹುದಾದಷ್ಟು.

ತರಗತಿಯಲ್ಲಿ ವರ್ಗೀಕರಣ ಅಂತ ನಾವು ಪೆನ್ಸಿಲ್ ಹಿಡಿದು ನಂಬರ್ ಕಟ್ಟುತ್ತಿದ್ದೆವಲ್ಲ, ಅದರ ಜೀವಂತ ರೂಪ ಇದು. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ (ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್) ಕಟ್ಟಿದ್ದು ಇಂಥ ಕೆಲಸಕ್ಕೆ ಜನ ತಯಾರಾಗಲಿ ಅಂತಲೇ. ವಿಷಯವನ್ನು ತುಂಡು ತುಂಡಾಗಿ ಒಡೆದು ನೋಡು ಅಂತ ಅವರು ಹೇಳಿಕೊಟ್ಟಿದ್ದನ್ನು ನಾನು ಅರಗಿಸಿಕೊಂಡಿದ್ದು ಪಬ್‌ಮೆಡ್‌ನ ಹಿಸ್ಟರಿ ಪುಟದಲ್ಲಿ. ಒಂದನೇ ಸಾಲಲ್ಲಿ ಕಾಯಿಲೆ, ಎರಡನೇ ಸಾಲಲ್ಲಿ ಲಸಿಕೆ, ಮೂರನೇ ಸಾಲಲ್ಲಿ ಊರು. ಒಂದೊಂದನ್ನೂ ಬೇರೆಯಾಗಿ ಹುಡುಕಿ, ಆಮೇಲೆ ನಂಬರ್ ಹಿಡಿದು ಜೋಡಿಸುವುದು. ಎಲ್ಲಿ ಸೋರುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ.

ಊರು ಅಂದೆನಲ್ಲ, ಅದರಲ್ಲಿ ನಮ್ಮವರಿಗೇ ಗೊತ್ತಿರುವ ಒಂದು ಸೂಕ್ಷ್ಮ ಇದೆ. ಹುಡುಗಿ 'ಶಿವಮೊಗ್ಗ' ಅಂತ ಹೊಡೆದಳು. ಸಿಕ್ಕಿದ್ದೆಲ್ಲ ಇತ್ತೀಚಿನವು. ಊರಿನ ಹೆಸರು ಇಂಗ್ಲಿಷ್‌ನಲ್ಲಿ ಹಾಗೆ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಲೇಖನಗಳಲ್ಲಿ 'ಶಿಮೋಗ' ಅಂತ ಇರುತ್ತದೆ. 1957ರ ಮೊದಲ ವರದಿಯ ಶೀರ್ಷಿಕೆಯಲ್ಲಂತೂ 'ಶಿಮೋಗ ಜಿಲ್ಲೆ, ಮೈಸೂರು ರಾಜ್ಯ' ಅಂತ ಇದೆ. ಕರ್ನಾಟಕ ಅನ್ನುವ ಹೆಸರು ಬಂದಿದ್ದೇ 1973ರಲ್ಲಿ. ಹೊಸ ಹೆಸರು ಮಾತ್ರ ಹೊಡೆದರೆ ಐವತ್ತು ವರ್ಷದ ಕೆಲಸ ಕೈತಪ್ಪುತ್ತದೆ. ಬೆಂಗಳೂರು, ಮೈಸೂರು, ಬಳ್ಳಾರಿ, ಎಲ್ಲದಕ್ಕೂ ಇದೇ ಮಾತು. ಎರಡೂ ಕಾಗುಣಿತದ ಮಧ್ಯೆ ಒಂದು 'ಆರ್' (OR, ಅಂದರೆ 'ಅಥವಾ') ಹಾಕಿ.

ಲೇಖಕರ ಹೆಸರಿನ ವಿಷಯದಲ್ಲೂ ಹುಷಾರಾಗಿರಬೇಕು. ಪಬ್‌ಮೆಡ್ ಮನೆತನದ ಹೆಸರು ಮೊದಲು, ಆಮೇಲೆ ಇನಿಷಿಯಲ್ ಅನ್ನುವ ಕ್ರಮದಲ್ಲಿ ಇಡುತ್ತದೆ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಸ್ವಂತ ಹೆಸರು. ಒಂದು ಪತ್ರಿಕೆಯವರು ಹೀಗೆ ಹಾಕಿದರೆ ಇನ್ನೊಬ್ಬರು ತಿರುಗಿಸಿ ಹಾಕುತ್ತಾರೆ. ಒಬ್ಬರೇ ಸಂಶೋಧಕರು ಮೂರು ಜನರಾಗಿ ಕಾಣುತ್ತಾರೆ. ನಮ್ಮ ಕಾಲೇಜಿನ ಹೊಸ ಅಧ್ಯಾಪಕರಿಗೆಲ್ಲ ನಾನು ಒಂದೇ ಮಾತು ಹೇಳುತ್ತೇನೆ: ಮೊದಲ ಲೇಖನ ಕಳಿಸುವ ಮುಂಚೆಯೇ ಆರ್ಕಿಡ್ (ORCID) ಅನ್ನುವ, ಸಂಶೋಧಕರನ್ನು ಗುರುತಿಸುವ ನಂಬರ್ ಮಾಡಿಸಿಕೊಳ್ಳಿ, ಹೆಸರನ್ನು ಒಂದೇ ಥರ ಬರೆಯಿರಿ.

ಇನ್ನು ಮಿತಿಗಳು. ಇವನ್ನು ತಿಳಿಯದೆ ಬಳಸಿದರೆ ಮೋಸ ಹೋಗುತ್ತೀರಿ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಎಲ್ಲಕ್ಕಿಂತ ದೊಡ್ಡದು: ಪಬ್‌ಮೆಡ್‌ನಲ್ಲಿ ಇದೆ ಅಂದ ಮಾತ್ರಕ್ಕೆ ಲೇಖನ ಗಟ್ಟಿ ಅಂತಲ್ಲ. ಎಷ್ಟೋ ಅಧ್ಯಾಪಕರೂ ಇದನ್ನು ತಪ್ಪು ತಿಳಿದಿದ್ದಾರೆ. ಒಳಗೆ ಬೇರೆ ಬೇರೆ ಪದರಗಳಿವೆ. ಮೆಡ್‌ಲೈನ್ ಅನ್ನುವುದು ಆಯ್ದ ಪತ್ರಿಕೆಗಳ ಪದರ. ತಜ್ಞರ ಸಮಿತಿ ನೋಡಿ ಸೇರಿಸಿದವು. ಪಿಎಂಸಿ (ಪಬ್‌ಮೆಡ್ ಸೆಂಟ್ರಲ್) ಅನ್ನುವುದು 2000ದಲ್ಲಿ ಶುರುವಾದ ಪೂರ್ಣಪಾಠದ ಬೇರೆಯೇ ಭಂಡಾರ, ಅಲ್ಲಿರುವ ಲೇಖನಗಳ ವಿವರ ಪಬ್‌ಮೆಡ್‌ಗೂ ಬರುತ್ತದೆ. ಸಂಶೋಧನೆಗೆ ಹಣ ಕೊಟ್ಟವರ ನಿಯಮದಂತೆ ಲೇಖಕರು ತಮ್ಮ ಹಸ್ತಪ್ರತಿಯನ್ನು ಅಲ್ಲಿ ಇಡುತ್ತಾರೆ. ಹಾಗೆ ಇಟ್ಟಾಗ ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಯ ಲೇಖನವೂ ಒಳಗೆ ಬಂದುಬಿಡಬಹುದು. 'ನಮ್ಮದು ಪಬ್‌ಮೆಡ್ ಪತ್ರಿಕೆ, ಲೇಖನ ಕಳಿಸಿ' ಅಂತ ಇಮೇಲ್ ಬಂದರೆ ಎನ್‌ಎಲ್‌ಎಂ ಕ್ಯಾಟಲಾಗ್ ತೆರೆದು ಆ ಪತ್ರಿಕೆ ಈಗ ಮೆಡ್‌ಲೈನ್‌ನಲ್ಲಿ ಇದೆಯಾ ಅಂತ ನೋಡಿ. ಎರಡು ನಿಮಿಷದ ಕೆಲಸ. ಹಿಂತೆಗೆದುಕೊಂಡ ಲೇಖನಗಳಿಗೆ ಪಬ್‌ಮೆಡ್ ಎದ್ದು ಕಾಣುವ ಸೂಚನೆ ಹಾಕುತ್ತದೆ. ಲಸಿಕೆಯನ್ನೂ ಆಟಿಸಂ ಅನ್ನೂ ತಳುಕು ಹಾಕಿದ 1998ರ ಲೇಖನ ತೆಗೆದು ನೋಡಿ. 2010ರಲ್ಲಿ ಹಿಂತೆಗೆದುಕೊಂಡಿದ್ದು ಅಲ್ಲೇ ಇದೆ. ಈ ಸೂಚನೆ ನೋಡದೆ ಉಲ್ಲೇಖಿಸಬೇಡಿ ಅಂತ ಮಕ್ಕಳಿಗೆ ಪದೇ ಪದೇ ಹೇಳುತ್ತೇನೆ.

ಎರಡನೆಯದು ಮೆಶ್ ಚೀಟಿಯದ್ದು. ಮುಂಚೆ ಮನುಷ್ಯರೇ ಲೇಖನ ಓದಿ ಚೀಟಿ ಹಚ್ಚುತ್ತಿದ್ದರು. 2022ರಿಂದ ಹೆಚ್ಚುಕಮ್ಮಿ ಎಲ್ಲವನ್ನೂ ಯಂತ್ರವೇ ಹಚ್ಚುತ್ತದೆ, ಕೆಲವನ್ನು ಮನುಷ್ಯರು ಪರಿಶೀಲಿಸುತ್ತಾರೆ. ಬೇಗ ಆಗುತ್ತದೆ, ಆದರೆ ಯಂತ್ರದ ಕಣ್ಣು ತಪ್ಪುವುದೂ ಉಂಟು. ಜೊತೆಗೆ ಮೆಡ್‌ಲೈನ್‌ಗೆ ಸೇರದ ಲೇಖನಗಳಿಗೆ ಚೀಟಿಯೇ ಇರುವುದಿಲ್ಲ. ಹಾಗಾಗಿ ಮೆಶ್ ಒಂದನ್ನೇ ನಂಬಬೇಡಿ. ಮೆಶ್ ಶೀರ್ಷಿಕೆಯ ಜೊತೆ ಅದೇ ವಿಷಯದ ಆಡುಪದಗಳನ್ನು ಶೀರ್ಷಿಕೆ-ಸಾರಾಂಶದಲ್ಲಿ ಹುಡುಕಿ, ಎರಡನ್ನೂ 'ಆರ್'ನಿಂದ ಸೇರಿಸಿ.

ಇನ್ನೊಂದು ಮಿತಿ ನನಗೆ ಅರ್ಥವಾಗಿದ್ದು ಅಡಿಕೆಯಿಂದ. ತೋಟದ ಮನೆಯ ಹುಡುಗನೊಬ್ಬ ಬಂದು ಎಲೆಚುಕ್ಕಿ ರೋಗದ ಬಗ್ಗೆ ಕೇಳಿದ. ಪಬ್‌ಮೆಡ್‌ನಲ್ಲಿ ಅರೆಕಾ ನಟ್ ಹೊಡೆದರೆ ಪುಟಗಟ್ಟಲೆ ಬಾಯಿ ಕ್ಯಾನ್ಸರ್. ನಮಗೆ ಅಡಿಕೆ ಅಂದರೆ ಕೊನೆ, ಗೋಟು, ಬೇಯಿಸುವ ಹಂಡೆ, ಮಂಡಿಯ ರೇಟು. ಆ ಮಾಹಿತಿಕೋಶಕ್ಕೆ ಅಡಿಕೆ ಅಂದರೆ ಜಗಿಯುವವನ ಬಾಯಿ. ಅದರಲ್ಲಿ ತಪ್ಪೇನಿಲ್ಲ, ಅದು ಆರೋಗ್ಯದ ಕೋಶ. ಗಿಡದ ರೋಗಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ನಡೆಸುವ ಅಗ್ರಿಸ್ ನೋಡಬೇಕು, ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ಕೃಷಿಕೋಶ ನೋಡಬೇಕು. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ. ಯಾವ ಬಾವಿಯಲ್ಲಿ ಯಾವ ನೀರು ಅಂತ ತಿಳಿದಿರುವುದೇ ನಮ್ಮ ಅರ್ಧ ಕೆಲಸ.

ಪೂರ್ಣಪಾಠ ಪಬ್‌ಮೆಡ್‌ನಲ್ಲಿ ಇರುವುದಿಲ್ಲ, ವಿವರ ಮತ್ತು ಸಾರಾಂಶ ಮಾತ್ರ. 1975ಕ್ಕಿಂತ ಹಿಂದಿನ ಹೆಚ್ಚಿನವಕ್ಕೆ ಸಾರಾಂಶವೂ ಇರುವುದಿಲ್ಲ. ಎಡಗಡೆಯ 'ಫ್ರೀ ಫುಲ್ ಟೆಕ್ಸ್ಟ್' ಒತ್ತಿದರೆ ಬಿಟ್ಟಿ ಸಿಗುವವು ಬೇರೆಯಾಗುತ್ತವೆ. ಆದರೆ ಮೊದಲೇ ಅದನ್ನು ಒತ್ತಬೇಡಿ, ಒಳ್ಳೆಯದನ್ನು ಕಳೆದುಕೊಳ್ಳುತ್ತೀರಿ. ಸರ್ಕಾರಿ ಸಂಸ್ಥೆಯಲ್ಲಿ ಇರುವವರಿಗೆ 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅನ್ನುವ ಕೇಂದ್ರ ಸರ್ಕಾರದ ಯೋಜನೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ನಮ್ಮಂಥ ಸಣ್ಣ ಊರಿನ ಲೈಬ್ರರಿಗೆ ಇದು ನಿಜಕ್ಕೂ ದೊಡ್ಡ ವಿಷಯ. ಪಬ್‌ಮೆಡ್‌ನಲ್ಲಿ ಹುಡುಕು, ಇದರಲ್ಲಿ ತೆರೆ. ಅಲ್ಲೂ ಸಿಗದಿದ್ದರೆ ಲೇಖಕರಿಗೇ ಒಂದು ಮರ್ಯಾದೆಯ ಇಮೇಲ್ ಹಾಕಿ. ಬಹಳಷ್ಟು ಜನ ಕಳಿಸುತ್ತಾರೆ.

ಸಣ್ಣಪುಟ್ಟ ಅನುಕೂಲಗಳು ಇನ್ನೂ ಇವೆ. ಪ್ರತಿ ಲೇಖನಕ್ಕೂ ಪಿಎಂಐಡಿ ಅಂತ ಒಂದು ನಂಬರ್. ಉದ್ದನೆ ಲಿಂಕ್ ಬರೆದುಕೊಳ್ಳುವ ಬದಲು ಅದನ್ನು ಬರೆದುಕೊಂಡರೆ ಸಾಕು. ಆರಿಸಿದ್ದನ್ನು ನೇರ ಝೊಟೆರೊಗೆ (ಉಲ್ಲೇಖಗಳನ್ನು ಜೋಡಿಸಿಡುವ ತಂತ್ರಾಂಶ) ಕಳಿಸಬಹುದು. ನಿಮ್ಮ ಹುಡುಕಾಟವನ್ನು ಉಳಿಸಿಟ್ಟರೆ ಹೊಸ ಲೇಖನ ಬಂದಾಗ ಇಮೇಲ್ ಬರುತ್ತದೆ. ಇದಕ್ಕೆ ಮಾತ್ರ ಖಾತೆ ಬೇಕು, ಜಿಮೇಲ್ ಇದ್ದರೆ ಆಯಿತು. ನಾನು ಕ್ಯಾಸನೂರಿಗೆ ಒಂದು ಹಾಕಿಟ್ಟಿದ್ದೇನೆ. ಬಳಕೆ ಕಲಿಸುವ ಪಾಠಗಳನ್ನೂ ಅವರೇ ಬಿಟ್ಟಿಯಾಗಿ ಇಟ್ಟಿದ್ದಾರೆ. ಎಂಲಿಬ್ ಓದುವವರು ರಜೆಯಲ್ಲಿ ಒಂದು ವಾರ ಕೂತರೆ ಮುಗಿಯುತ್ತದೆ. ನನ್ನ ಇಡೀ ವರ್ಷದ ನೋಟ್ಸ್‌ಗಿಂತ ಆ ಒಂದು ವಾರ ಹೆಚ್ಚು ಕಲಿಸಿತು ಅಂತ ಧೈರ್ಯವಾಗಿ ಹೇಳುತ್ತೇನೆ. ಐದಕ್ಕೆ ಎಷ್ಟು ಅಂತ ಕೇಳಿದರೆ ನಾಲ್ಕೂವರೆ. ಆ ಅರ್ಧ ಭಾಷೆಗೆ.

ದಾಖಲೆಗಳು ಇಂಗ್ಲಿಷ್‌ನಲ್ಲಿವೆ. ಬೇರೆ ಭಾಷೆಯ ಲೇಖನ ಇದ್ದರೂ ಶೀರ್ಷಿಕೆಯನ್ನು ಇಂಗ್ಲಿಷ್‌ಗೆ ತಿರುಗಿಸಿ ಚೌಕ ಕಂಸದಲ್ಲಿ ಹಾಕಿರುತ್ತಾರೆ. ನಮ್ಮ ಮಕ್ಕಳು ಕಾಯಿಲೆಗಳನ್ನು ಮೊದಲು ಕೇಳಿದ್ದು ಮನೆಯ ಮಾತಲ್ಲಿ. ಅದನ್ನು ಸುಮ್ನೆ ಪದಕ್ಕೆ ಪದ ಇಂಗ್ಲಿಷ್ ಮಾಡಿದರೆ ಕೆಡುತ್ತದೆ. ಇಲಿ ಜ್ವರ ಅಂದರೆ ಲೆಪ್ಟೊಸ್ಪೈರೋಸಿಸ್. ಅದನ್ನು ಇಲಿ, ಜ್ವರ ಅಂತ ತಿರುಗಿಸಿ ಹುಡುಕಿದರೆ ಇಲಿ ಕಚ್ಚಿ ಬರುವ ಬೇರೆಯದೇ ಜ್ವರದ ಶೀರ್ಷಿಕೆ ಎದುರಾಗುತ್ತದೆ. ಮಂಗನ ಬಾವು ಅಂದರೆ ಮಂಪ್ಸ್, ಅದರಲ್ಲಿ ಮಂಗನೇ ಇಲ್ಲ. ಮಂಗನ ಕಾಯಿಲೆಯೇ ಬೇರೆ.

ಅದಕ್ಕೆ ಕೌಂಟರಿನಲ್ಲಿ ನಾನೊಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಎಡಕ್ಕೆ ಕನ್ನಡದ ಹೆಸರು, ಬಲಕ್ಕೆ ಮೆಶ್ ಹೆಸರು. ಸರ್ಪಸುತ್ತು, ಹರ್ಪಿಸ್ ಝೋಸ್ಟರ್. ನಾಯಿಕೆಮ್ಮು, ಹೂಪಿಂಗ್ ಕಾಫ್. ಆನೆಕಾಲು, ಫೈಲೇರಿಯಲ್ ಎಲಿಫೆಂಟಿಯಾಸಿಸ್. ಯಾರು ಬೇಕಾದರೂ ಬರೆಯಬಹುದು. ಬರೆದ ಮೇಲೆ ನಾನು ಮೆಶ್ ತೆರೆದು ತಾಳೆ ನೋಡಿ ಸರಿ ಗುರುತು ಹಾಕುತ್ತೇನೆ.

ಆವತ್ತು ಸಂಜೆ ಹುಡುಗಿ ಹೊರಡುವಾಗ ಪಟ್ಟಿಯ ಮೇಲೆ ಕಣ್ಣಾಡಿಸಿ ಪೆನ್ಸಿಲ್ ಕೇಳಿದಳು. 'ಉಣುಗು' ಅಂತ ಬರೆದು, ಎದುರಿಗೆ 'ಟಿಕ್ಸ್' ಹಾಕಿದಳು. ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಆಮೇಲೆ ಸ್ವಲ್ಪ ಯೋಚಿಸಿ, ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದಳು: 'ಕೆಲವು ಕಡೆ ಉಣ್ಣೆ ಅಂತಲೂ ಅಂತಾರೆ.'